ಆರಿಸಿದ ಮೇಲೆ

ಆಟಗಾರರನ್ನು ಆರಿಸುವ ಚರ್ಚೆಯಷ್ಟು ರುಚಿಯಾದ ಚರ್ಚೆ ಬೇರೆ ಇಲ್ಲ. ಖರ್ಚಿಲ್ಲ, ಜವಾಬ್ದಾರಿ ಇಲ್ಲ, ಸೋತರೆ ಬೈಸಿಕೊಳ್ಳುವವರು ಬೇರೆಯವರು. ಪ್ರೊ ಕಬಡ್ಡಿಯ ಹರಾಜು ನಡೆಯುವ ದಿನಗಳಲ್ಲಿ ನಮ್ಮ ವಾಚನಾಲಯದ ಜಗಲಿಗೆ ಬಂದವರಿಗೆ ಇದು ಗೊತ್ತುಂಟು. ಪೇಪರ್ ಓದಲಿಕ್ಕೆ ಬಂದವರೂ ಪೇಪರ್ ಮಡಚಿಟ್ಟು, ಯಾವ ರೈಡರ್‌ಗೆ ಎಷ್ಟು ಕೊಡಬಹುದು, ಯಾರ ಕಾಲ ಮುಗಿಯಿತು ಎಂದು ತೀರ್ಪು ಕೊಡುತ್ತಾರೆ. ನಾನೂ ಕೊಡುತ್ತೇನೆ. ಇಪ್ಪತ್ತೆಂಟು ವರ್ಷ ಶಾಲೆಯಲ್ಲಿ ಡ್ರಿಲ್ ಮಾಸ್ಟ್ರಾಗಿದ್ದವನಿಗೆ ಬಾಯಿ ಮುಚ್ಚಿ ಕೂತುಕೊಳ್ಳಲಿಕ್ಕೆ ಆಗುತ್ತದಾ?

ಆದರೆ ಇಂಥ ಎಲ್ಲಾ ಚರ್ಚೆಯ ಆಚೆ ತುದಿಯಲ್ಲಿ ಒಬ್ಬ ಹುಡುಗ ಇರುತ್ತಾನೆ. ಅವನ ಬಗ್ಗೆ ಬರೆಯಬೇಕೆಂದು ಬಹಳ ದಿನದಿಂದ ಮನಸ್ಸಿನಲ್ಲಿತ್ತು. ಅದಕ್ಕೆ 2007ರಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡಿನಲ್ಲಿ ನಾನು ಕಂಡ ಒಂದು ಚರ್ಚೆಯಿಂದ ಸುರು ಮಾಡುತ್ತೇನೆ.

ಆ ವರ್ಷ ನಾನು ನಿವೃತ್ತಿಯಾದ ಕೂಡಲೇ ಮಗಳು ಟಿಕೆಟ್ ಕಳಿಸಿದಳು. ಅಳಿಯನಿಗೆ ಅಲ್ಲಿ ಕೆಲಸ. ಪೋರ್ಟ್‌ಲ್ಯಾಂಡ್ ಇರುವುದು ಅಮೆರಿಕದ ಪಶ್ಚಿಮ ಭಾಗದ ಒರೆಗಾನ್ ರಾಜ್ಯದಲ್ಲಿ. ಮಳೆಯ ಊರು, ಹಸಿರು ಊರು. ನೋಡಿದರೆ ನಮ್ಮವರಿಗೆ ಬೇಸರ ಬರುವ ಜಾಗ ಅಲ್ಲ. ದೊಡ್ಡ ಲೀಗಿನಲ್ಲಿ ಆಡುವ ತಂಡ ಎಂದರೆ ಆಗ ಆ ಊರಿಗೆ ಇದ್ದದ್ದು ಒಂದೇ, ಬಾಸ್ಕೆಟ್‌ಬಾಲಿನ ಟ್ರೈಲ್ ಬ್ಲೇಜರ್ಸ್. 1977ರಲ್ಲಿ ಒಂದು ಸಲ ಎನ್‌ಬಿಎ ಚಾಂಪಿಯನ್ ಆಗಿದ್ದರು. ಆಮೇಲೆ ಇಲ್ಲ. ಒಂದೇ ಮಗು ಇರುವ ಮನೆಯಲ್ಲಿ ಆ ಮಗುವಿಗೆ ಜ್ವರ ಬಂದರೆ ಹೇಗೋ, ಬ್ಲೇಜರ್ಸ್ ಸೋತರೆ ಆ ಊರಿಗೆ ಹಾಗೆ.

ಅಲ್ಲಿ ಹೊಸ ಹುಡುಗರಿಗೆ ಹರಾಜು ಇಲ್ಲ, ಡ್ರಾಫ್ಟ್ ಎನ್ನುವ ಕ್ರಮ. ಕಾಲೇಜುಗಳಿಂದ, ಹೊರದೇಶಗಳಿಂದ ಬರುವ ಹುಡುಗರನ್ನು 30 ತಂಡಗಳು ಸರದಿಯಲ್ಲಿ ಒಬ್ಬೊಬ್ಬರಾಗಿ ಆರಿಸುತ್ತವೆ. ಎರಡು ಸುತ್ತು, ಒಟ್ಟು 60 ಹುಡುಗರು. ಕಳೆದ ವರ್ಷ ಹೆಚ್ಚು ಸೋತವರಿಗೆ ಮೊದಲು ಬಡಿಸುವ ಪಂಕ್ತಿ ಅದು. ಹಾಗೆ ಮಾಡಿದರೆ ಬೇಕೆಂದೇ ಸೋಲುವವರು ಹುಟ್ಟಿಕೊಳ್ಳುತ್ತಾರಲ್ಲ? ಅದಕ್ಕೆ 1985ರಿಂದ ಚೀಟಿ ಎತ್ತುವಂಥ ಒಂದು ಏರ್ಪಾಡು ತಂದರು. ನಾನು ಹೋದಾಗ ಇದ್ದದ್ದು ಹೀಗೆ: 1ರಿಂದ 14ರವರೆಗೆ ನಂಬರ್ ಹಾಕಿದ 14 ಚೆಂಡುಗಳನ್ನು ಯಂತ್ರದಲ್ಲಿ ತಿರುಗಿಸಿ ನಾಲ್ಕನ್ನು ತೆಗೆಯುತ್ತಾರೆ. ಆ ನಾಲ್ಕು 1001 ರೀತಿಯಲ್ಲಿ ಬರಬಹುದು. ಒಂದನ್ನು ಬಿಟ್ಟು ಉಳಿದ 1000ವನ್ನು ಮೊದಲೇ ತಂಡಗಳಿಗೆ ಹಂಚಿರುತ್ತಾರೆ, ಹೆಚ್ಚು ಸೋತವರಿಗೆ ಹೆಚ್ಚು. ನಮ್ಮ ಗಣಿತದ ಮಾಸ್ಟ್ರುಗಳು ಇದನ್ನು ಮಕ್ಕಳಿಗೆ ಲೆಕ್ಕವಾಗಿ ಕೊಡಬಹುದು.

ಆ ವರ್ಷ ಪೋರ್ಟ್‌ಲ್ಯಾಂಡ್ 82 ಪಂದ್ಯಗಳಲ್ಲಿ 50 ಸೋತಿತ್ತು. ಅವರಿಗಿಂತ ಹೆಚ್ಚು ಸೋತವರು ಬೇರೆ ಇದ್ದ ಕಾರಣ ಸಾವಿರದಲ್ಲಿ ಇವರ ಪಾಲು 53 ಮಾತ್ರ. ಮೇ 22ರ ರಾತ್ರಿ ಆ 53ರಲ್ಲಿ ಒಂದು ಬಂತು! ಮೊದಲ ಆಯ್ಕೆ ಪೋರ್ಟ್‌ಲ್ಯಾಂಡಿನದ್ದು. ಎರಡನೆಯದು ಸಿಯಾಟಲ್‌ನದ್ದು, ಕಾರಿನಲ್ಲಿ ಮೂರು ಗಂಟೆಯ ದಾರಿಯ ನೆರೆ ಊರು. ನಮ್ಮ ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮ್ಯಾನ್ ಅಂಗಳಕ್ಕೆ ಬಂದು ಬಾಣಲೆ ಬಡಿದದ್ದನ್ನು ನಾನು ಕಿಟಕಿಯಿಂದಲೇ ನೋಡಿದೆ.

ಆರಿಸುವ ದಿನ ಜೂನ್ 28. ಮಧ್ಯದ ಐದು ವಾರ ಆ ಊರಿನಲ್ಲಿ ಬೇರೆ ಮಾತಿಲ್ಲ. ಬಸ್ಸಿನಲ್ಲಿ, ಕ್ಷೌರದಂಗಡಿಯಲ್ಲಿ, ಮೊಮ್ಮಗಳನ್ನು ಕರೆದುಕೊಂಡು ಹೋಗುವ ಪಾರ್ಕಿನಲ್ಲಿ, ಎಲ್ಲಾ ಕಡೆ ಒಂದೇ ಪ್ರಶ್ನೆ: ಓಡನ್ನಾ, ಡ್ಯುರಾಂಟಾ?

ಗ್ರೆಗ್ ಓಡನ್ ಏಳು ಅಡಿಯ ಹುಡುಗ, 19 ವರ್ಷ. ಮುಖ ನೋಡಿದರೆ ಎರಡು ಮಕ್ಕಳ ಅಪ್ಪನ ಹಾಗೆ ಕಾಣುತ್ತಿದ್ದ. ಒಹಾಯೋ ಸ್ಟೇಟ್ ಕಾಲೇಜು ತಂಡವನ್ನು ರಾಷ್ಟ್ರೀಯ ಫೈನಲಿನವರೆಗೆ ಕೊಂಡುಹೋದವನು. ಕೆವಿನ್ ಡ್ಯುರಾಂಟ್ ಏಳು ಅಡಿಗೆ ಸ್ವಲ್ಪ ಕಡಿಮೆ, 18 ವರ್ಷ, ಸಪೂರ ದೇಹ, ಕೈ ಮಾತ್ರ ಅಡಿಕೆ ಕೊಯ್ಯುವ ದೋಟಿಯಷ್ಟು ಉದ್ದ. ಟೆಕ್ಸಸ್ ವಿಶ್ವವಿದ್ಯಾಲಯಕ್ಕೆ ಆಡಿ, ಪಂದ್ಯಕ್ಕೆ ಸರಾಸರಿ 25ಕ್ಕೂ ಮೇಲೆ ಅಂಕ ತಂದವನು. ಕಾಲೇಜಿನ ಮೊದಲ ವರ್ಷದಲ್ಲೇ ದೇಶದ ಅತ್ಯುತ್ತಮ ಆಟಗಾರನೆಂಬ ಹೆಸರು ಪಡೆದಿದ್ದ. ಆದರೆ ಡ್ರಾಫ್ಟಿನ ಮೊದಲು ನಡೆದ ಪರೀಕ್ಷೆಯಲ್ಲಿ, ಅಂಗಾತ ಮಲಗಿ ಎತ್ತುವ ಸುಮಾರು 84 ಕಿಲೋ ಭಾರವನ್ನು ಅವನಿಂದ ಒಂದು ಸಲವೂ ಎತ್ತಲಾಗಲಿಲ್ಲ. ಅದು ಸುದ್ದಿಯಾದ ದಿನ ಓಡನ್ ಪಕ್ಷದವರಿಗೆ ಹಬ್ಬ. “ಒಂದು ಗೋಣಿ ಎತ್ತಲಾಗದವನು ಎನ್‌ಬಿಎಯ ಗೂಳಿಗಳ ಮಧ್ಯೆ ಎಂತ ಮಾಡ್ತಾನೆ?” ಎನ್ನುವ ಅರ್ಥದ ಮಾತನ್ನು ನಾನು ಕೇಳಿದ್ದು ಎಷ್ಟು ಸಲವೋ.

ಓಡನ್ ಬೇಕೆನ್ನುವವರ ವಾದ ಗಟ್ಟಿಯಾಗಿತ್ತು. ಬುಟ್ಟಿ ಇರುವುದು ಹತ್ತು ಅಡಿ ಎತ್ತರದಲ್ಲಿ. ಅದರ ಕೆಳಗೆ ನಿಂತು ಎದುರಾಳಿಯ ಚೆಂಡು ತಡೆಯುವ ಒಬ್ಬ ದೊಡ್ಡವ ಇದ್ದರೆ ಇಡೀ ತಂಡದ ಆಟ ಬದಲಾಗುತ್ತದೆ. 1977ರಲ್ಲಿ ಗೆದ್ದದ್ದು ಬಿಲ್ ವಾಲ್ಟನ್ ಎಂಬ ದೊಡ್ಡವನಿಂದ. ಅದೇ ಜೂನಿನಲ್ಲಿ ಸ್ಯಾನ್ ಆಂಟೋನಿಯೋ ಗೆದ್ದದ್ದೂ ಟಿಮ್ ಡಂಕನ್ ಎಂಬ ದೊಡ್ಡವನಿಂದ. ಬ್ಲೇಜರ್ಸ್‌ನಲ್ಲಿ ಬ್ರ್ಯಾಂಡನ್ ರಾಯ್ ಎಂಬ ಒಳ್ಳೆಯ ಹುಡುಗ ಆಗಲೇ ಇದ್ದ. ಕಡಿಮೆ ಇದ್ದದ್ದು ಮಧ್ಯದ ಕಂಬ ಒಂದೇ.

ಡ್ಯುರಾಂಟ್ ಪಕ್ಷದವರಲ್ಲಿ ಹೆಚ್ಚಿನವರು 1984 ಕಂಡವರು. ಪೋಸ್ಟ್‌ಮ್ಯಾನ್ ಅವರ ಮುಂದಾಳು. ಬೇಲಿಯ ಆಚೆ ನಿಂತು ಅವರು ಹೇಳಿದ್ದನ್ನು ಅಳಿಯ ನನಗೆ ಕನ್ನಡದಲ್ಲಿ ಹೇಳಿದ. ಆ ವರ್ಷ ಮೊದಲ ಆಯ್ಕೆಗೆ ಹ್ಯೂಸ್ಟನ್‌ಗೂ ಪೋರ್ಟ್‌ಲ್ಯಾಂಡಿಗೂ ನಾಣ್ಯ ಚಿಮ್ಮಿದರು. ಹ್ಯೂಸ್ಟನ್ ಗೆದ್ದು ನೈಜೀರಿಯಾದ ಒಲಾಜುವನ್‌ನನ್ನು ತೆಗೆದುಕೊಂಡಿತು. ಎರಡನೆಯ ಸರದಿ ಪೋರ್ಟ್‌ಲ್ಯಾಂಡಿನದ್ದು. ಕ್ಲೈಡ್ ಡ್ರೆಕ್ಸ್ಲರ್ ಎಂಬ ಚುರುಕು ಆಟಗಾರ ಅವರಲ್ಲಿ ಇದ್ದ, ಬೇಕಾದ್ದು ದೊಡ್ಡವ. ಹಾಗಾಗಿ ಸ್ಯಾಮ್ ಬೋವಿಯನ್ನು ಆರಿಸಿದರು. ಕಾಲಿನ ಮೂಳೆಯ ಪೆಟ್ಟಿನಿಂದ ಕಾಲೇಜಿನಲ್ಲಿ ಎರಡು ಇಡೀ ವರ್ಷ ಆಡದೆ ಇದ್ದವನು ಅವನು. ಮೂರನೆಯ ಸರದಿಯ ಶಿಕಾಗೋಗೆ ಸಿಕ್ಕಿದ್ದು ಮೈಕೆಲ್ ಜೋರ್ಡನ್. ಮುಂದೆ ಆರು ಸಲ ಚಾಂಪಿಯನ್.

“ಬೇಕಾದವನನ್ನು ಆರಿಸಬೇಡಿ, ಒಳ್ಳೆಯವನನ್ನು ಆರಿಸಿ. ಇಪ್ಪತ್ತಮೂರು ವರ್ಷದಿಂದ ಇದನ್ನೇ ಹೇಳ್ತಾ ಇದ್ದೇನೆ,” ಎಂದರು ಪೋಸ್ಟ್‌ಮ್ಯಾನ್.

“ಮಾವ, ನೀವು ಇಷ್ಟು ವರ್ಷ ಮಕ್ಕಳನ್ನು ಆರಿಸಿದವರು. ನೀವಾಗಿದ್ದರೆ ಯಾರನ್ನು ತೆಗೆದುಕೊಳ್ತಿದ್ದಿರಿ?” ಎಂದು ಅಳಿಯ ಕೇಳಿದ.

ನಾನು ಓಡನ್ ಎಂದೆ. ಎತ್ತರ ಒಂದೇ ಕಾರಣ ಅಲ್ಲ. ಅವನ ಬಲಗೈಯ ಮಣಿಕಟ್ಟಿಗೆ ಆಪರೇಶನ್ ಆಗಿತ್ತು. ಗುಣವಾಗುವ ತನಕ ಕೂತುಕೊಳ್ಳದೆ, ಫ್ರೀ ತ್ರೋಗಳನ್ನು ಎಡಗೈಯಿಂದ ಹಾಕಿ ಆಡಿದ್ದ. ಹಾಗೆ ಮಾಡುವ ಮಕ್ಕಳನ್ನು ನಾನು ಕಂಡವನು; ಅವರು ಅರ್ಧಕ್ಕೆ ಬಿಡುವ ಜಾತಿಯವರಲ್ಲ. ಪೋಸ್ಟ್‌ಮ್ಯಾನ್ ತಲೆ ಆಡಿಸಿದರು. ನಾಳೆಗೆ ಮುಂದುವರಿಸುವ ಎಂದು ಒಳಗೆ ಹೋದರು.

ಪೋರ್ಟ್‌ಲ್ಯಾಂಡ್ ಓಡನ್‌ನನ್ನೇ ಆರಿಸಿತು. ಮರುದಿನ ಪೇಟೆಯ ನಡುವಿನ ಚೌಕದಲ್ಲಿ ಅವನನ್ನು ನೋಡಲಿಕ್ಕೆ ಸಾವಿರಾರು ಜನ. ಸೆಪ್ಟೆಂಬರಿನಲ್ಲಿ, ಒಂದು ಪಂದ್ಯ ಆಡುವ ಮೊದಲೇ, ಮೊಣಕಾಲಿನ ಆಪರೇಶನ್. ಇಡೀ ವರ್ಷ ಹೋಯಿತು. 2009ರ ದಶಂಬರದಲ್ಲಿ ಇನ್ನೊಂದು ಮೊಣಕಾಲಿನ ಚಿಪ್ಪು ಒಡೆಯಿತು. ಮತ್ತೆ ಆಪರೇಶನ್, ಮತ್ತೆ ಕಾಯುವುದು. 2012ರಲ್ಲಿ ತಂಡದಿಂದ ಬಿಟ್ಟರು. ಪೋರ್ಟ್‌ಲ್ಯಾಂಡಿಗೆ ಆತ ಆಡಿದ್ದು ಒಟ್ಟು 82 ಪಂದ್ಯ, ಸರಿಯಾಗಿ ಒಂದು ವರ್ಷದ ಲೆಕ್ಕ. ಡ್ಯುರಾಂಟ್ 2014ರಲ್ಲಿ ಲೀಗಿನ ಅತಿ ಶ್ರೇಷ್ಠ ಆಟಗಾರನಾದ, 2017 ಮತ್ತು 2018ರಲ್ಲಿ ಚಾಂಪಿಯನ್ ತಂಡದಲ್ಲಿದ್ದ. ಅವನನ್ನು ಪಡೆದ ಸಿಯಾಟಲ್ ಸಂತೋಷಪಟ್ಟಿತಾ ಎಂದರೆ, ಅವನು ಅಲ್ಲಿ ಆಡಿದ್ದು ಒಂದೇ ವರ್ಷ. 2008ರಲ್ಲಿ ಮಾಲಕರು ತಂಡವನ್ನೇ ಒಕ್ಲಹಾಮಾ ಸಿಟಿಗೆ ಕೊಂಡುಹೋದರು. ನಲವತ್ತೊಂದು ವರ್ಷದ ತಂಡ ಹೋಯಿತು, ಹುಡುಗನೂ ಹೋದ. ಯಾರನ್ನು ಆರಿಸಬೇಕೆಂದು ಐದು ವಾರ ಚರ್ಚಿಸಿದವರಲ್ಲಿ ಒಬ್ಬನೂ ಈ ಎರಡು ಸಂಗತಿಯನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಅಳಿಯ ಈಗಲೂ ಫೋನಿನಲ್ಲಿ ನನ್ನನ್ನು ಕೀಟಲೆ ಮಾಡುವುದುಂಟು. ನಾನು ಹೇಳುವುದು ಒಂದೇ: ಅಂದು ಕೈಯಲ್ಲಿದ್ದ ಲೆಕ್ಕಕ್ಕೆ ಅದು ಸರಿಯಾದ ಆಯ್ಕೆ. ಗುಡ್ಡೆಯಲ್ಲಿ ಒಳ್ಳೆಯ ಸಸಿ ನೋಡಿ ನೆಟ್ಟವನನ್ನು, ಮೂರನೆಯ ವರ್ಷ ಸಿಡಿಲು ಬಡಿಯಿತೆಂದು ಬೈಯಲಿಕ್ಕಾಗುವುದಿಲ್ಲ. ತೀರ್ಮಾನ ಬೇರೆ, ಫಲ ಬೇರೆ. ಇದನ್ನು ಒಪ್ಪಿಕೊಳ್ಳಲಿಕ್ಕೆ ಹೆಚ್ಚಿನವರು ತಯಾರಿದ್ದಾರೆ. ಒಪ್ಪಿಕೊಳ್ಳಲು ಕಷ್ಟವಾಗುವುದು ಇನ್ನೊಂದು: ನಾವು ಆರಿಸಿದವರ ತಪ್ಪು ಎಂದು ಹೇಳುವಾಗ ಬಾಯಿಗೆ ಬರುವುದು ಆರಿಸಿಕೊಂಡ ಹುಡುಗನ ಹೆಸರು. ‘ಬೋವಿ’ ಎಂದರೆ ತಪ್ಪು, ‘ಓಡನ್’ ಎಂದರೆ ತಪ್ಪು. ಅವರು ಮಾಡಿದ್ದು ಎಂತ? ಮೂಳೆ ಮುರಿಸಿಕೊಂಡದ್ದು ಮಾತ್ರ. ಎನ್‌ಬಿಎಯ ಚರಿತ್ರೆಯ ಅತಿ ದೊಡ್ಡ ಪೊಳ್ಳು ಆಯ್ಕೆ ಎಂದು ತನ್ನನ್ನು ಜನ ನೆನಪಿಡುತ್ತಾರೆ ಎಂಬರ್ಥದ ಮಾತನ್ನು ಓಡನ್ ತಾನೇ ಆಮೇಲೆ ಆಡಿದ. ಆ ವರ್ಷಗಳಲ್ಲಿ ಕುಡಿತಕ್ಕೆ ಬಿದ್ದದ್ದನ್ನೂ ಮುಚ್ಚಿಡದೆ ಹೇಳಿದ.

2015ರಲ್ಲಿ ಪಂಜಾಬಿನ ಬಲ್ಲೋ ಕೆ ಎಂಬ ಹಳ್ಳಿಯ ರೈತನ ಮಗ ಸತ್ನಾಮ್ ಸಿಂಗ್‌ನನ್ನು ಡಲ್ಲಾಸ್ ತಂಡ 52ನೆಯ ಆಯ್ಕೆಯಾಗಿ ತೆಗೆದುಕೊಂಡಿತು. ಎನ್‌ಬಿಎ ಡ್ರಾಫ್ಟಿನಲ್ಲಿ ಆಯ್ಕೆಯಾದ ಮೊದಲ ಭಾರತೀಯ. ಅವನು ಎನ್‌ಬಿಎ ಪಂದ್ಯ ಒಂದನ್ನೂ ಆಡಲಿಲ್ಲ, ಆದರೂ ನಾವು ಅವನನ್ನು ಹೆಮ್ಮೆಯಿಂದ ನೆನೆಯುತ್ತೇವೆ. ಮಯಾಮಿಯಲ್ಲಿ ಆಡಿದ್ದೂ ಸೇರಿ 105 ಪಂದ್ಯ ಆಡಿದ ಓಡನ್ ಮಾತ್ರ ಸೋತವನು. ಇಬ್ಬರ ತಲೆಯ ಮೇಲೆ ನಾವು ಇಟ್ಟ ಹೊರೆ ಬೇರೆ ಬೇರೆ, ಅಷ್ಟೇ.

ಇದು ನನಗೆ ಅಮೆರಿಕದಲ್ಲಿ ಹೊಳೆದ ಸಂಗತಿ ಅಲ್ಲ. ನಿವೃತ್ತಿಗೆ ಕೆಲವು ವರ್ಷ ಮೊದಲು, ಉಪಜಿಲ್ಲಾ ವಾಲಿಬಾಲ್ ತಂಡಕ್ಕೆ ಒಂದು ಜಾಗ ಉಳಿದಿತ್ತು, ಹುಡುಗರು ಇಬ್ಬರಿದ್ದರು. ಒಬ್ಬ ಒಳ್ಳೆಯ ಲಿಫ್ಟರ್, ಇನ್ನೊಬ್ಬ ಎತ್ತರದ ಸ್ಮ್ಯಾಶರ್. ಲಿಫ್ಟರ್ ನಮ್ಮಲ್ಲಿ ಆಗಲೇ ಇದ್ದ, ಎತ್ತರದವನನ್ನು ತೆಗೆದುಕೊಂಡೆ. ಸೆಮಿಫೈನಲಿನಲ್ಲಿ ಅವನು ಹಾರಿ ಇಳಿಯುವಾಗ ಬೇರೆಯವನ ಪಾದದ ಮೇಲೆ ಕಾಲಿಟ್ಟ. ಹರಡಿನ ಮೂಳೆ ಮುರಿಯಿತು. ನಾವು ಸೋತೆವು.

ಮರುವಾರ ಬಸ್‌ಸ್ಟಾಪಿನ ಹೋಟೆಲಿನಲ್ಲಿ ಚರ್ಚೆ. “ಆ ಉದ್ದದವನನ್ನು ಹಾಕಿದ್ದೇ ತಪ್ಪು. ಇನ್ನೊಬ್ಬ ಇದ್ದಿದ್ದರೆ ಕಪ್ ನಮ್ಮದೇ.” ಬೈದದ್ದು ನನ್ನನ್ನು, ಅದರಲ್ಲಿ ಸಂಶಯ ಇಲ್ಲ. ಆದರೆ ಹುಡುಗ ಹೊರಗೆ ಬೆಂಚಿನಲ್ಲಿ, ಪ್ಲಾಸ್ಟರ್ ಹಾಕಿದ ಕಾಲು ಚಾಚಿ, ಆಸ್ಪತ್ರೆಗೆ ಹೋಗುವ ಬಸ್ಸಿಗೆ ಕಾಯುತ್ತಾ ಕೂತಿದ್ದ. ಅವನಿಗೆ ಕೇಳಿಸಿತು. ಪ್ಲಾಸ್ಟರ್ ತೆಗೆದ ಮೇಲೂ ಮೈದಾನಕ್ಕೆ ಬರಲಿಲ್ಲ. ನಾನು ಎರಡು ಸಲ ಮನೆಗೆ ಹೋದೆ. ತಾಯಿ ಬೀಡಿ ಕಟ್ಟುತ್ತಾ ಜಗಲಿಯಲ್ಲಿದ್ದರು. ಅವನು ಬಾಗಿಲಿಗೆ ಒರಗಿ ನಿಂತು ಹೇಳಿದ್ದು ಒಂದೇ ಮಾತು: “ನನ್ನಿಂದಾಗಿ ನಿಮ್ಮ ಹೆಸರು ಹಾಳಾಯ್ತಲ್ಲ ಮಾಸ್ಟ್ರೇ.”

ಹದಿನೈದು ವರ್ಷದ ಹುಡುಗನ ಬಾಯಲ್ಲಿ ಆ ಮಾತು! ಈಗ ಅವನಿಗೆ ಸ್ವಂತ ಪಿಕಪ್ ಉಂಟು, ಮದುವೆಯಾಗಿ ಮಕ್ಕಳಿದ್ದಾರೆ, ಸಿಕ್ಕಿದರೆ ನಗುತ್ತಾ ಮಾತಾಡುತ್ತಾನೆ. ಆದರೆ ಕ್ಲಬ್ಬಿನವರು ನೆಟ್ ಕಟ್ಟಿದ ದಿನ ಆ ಕಡೆ ಬರುವುದಿಲ್ಲ.

ನಮ್ಮಲ್ಲಿ ಆಯ್ಕೆ ಎಂದರೆ ಕಪ್ ಮಾತ್ರ ಅಲ್ಲ. ರಾಜ್ಯ ಮಟ್ಟಕ್ಕೆ ಹೋದ ಮಗುವಿಗೆ ಗ್ರೇಸ್ ಮಾರ್ಕ್ ಉಂಟು, ಪ್ಲಸ್ ಒನ್ ಸೀಟಿಗೆ ಸ್ಪೋರ್ಟ್ಸ್ ಕೋಟಾ ಉಂಟು. ಕನ್ನಡ ಮಾಧ್ಯಮದಲ್ಲಿ ಕಲಿತ ಬಡ ಮಗುವಿಗೆ ಅದು ಸಣ್ಣ ಬಾಗಿಲಲ್ಲ. ಹಾಗಾಗಿ ಆರಿಸುವಾಗ ಜಗಳ ಬರಲಿ, ಬರಬೇಕು. ಪೋರ್ಟ್‌ಲ್ಯಾಂಡಿನವರ ಹಾಗೆ ಐದು ವಾರ ಬೇಕಾದರೂ ವಾದ ಮಾಡುವ. ಆದರೆ ಹೆಸರು ಓದಿದ ಮೇಲೆ ವಾದ ಮುಗಿಯಬೇಕು.

ಈಗ ಶಾಲೆಯಲ್ಲಿ ತಂಡ ಕಟ್ಟುವ ಮಾಸ್ಟ್ರು, ಟೀಚರುಗಳಿಗೆ ನಾನು ಕೊನೆಯ ವರ್ಷಗಳಲ್ಲಿ ಇಟ್ಟುಕೊಂಡ ಕ್ರಮವನ್ನು ಹೇಳುತ್ತೇನೆ. ಪಟ್ಟಿ ಹಾಕುವ ಮೊದಲು, ಯಾರನ್ನು ಯಾಕೆ ತೆಗೆದುಕೊಂಡೆ ಎಂದು ತಾರೀಕು ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದೆ. ಸೋತ ಮೇಲೆ ಬರುವ ಬುದ್ಧಿ ಅದನ್ನು ತಿದ್ದಲಿಕ್ಕಾಗುವುದಿಲ್ಲ. ಜಾಗ ಸಿಕ್ಕದ ಮಗುವನ್ನು ಕರೆದು ಕಾರಣ ನಾನೇ ಹೇಳುತ್ತಿದ್ದೆ, ಪಟ್ಟಿ ನೋಡಿ ತಿಳಿಯಲಿಕ್ಕೆ ಬಿಡುತ್ತಿರಲಿಲ್ಲ. ಸೋತು ಬಂದ ದಿನ ಹೋಟೆಲಿಗೆ ಮೊದಲು ಹೋಗಿ ಕೂತುಕೊಳ್ಳುತ್ತಿದ್ದವನು ನಾನೇ. ಯಾರಾದರೂ “ಅವನನ್ನು ಹಾಕಿದ್ದೇ...” ಎಂದು ಸುರು ಮಾಡಿದರೆ ಹೇಳುತ್ತಿದ್ದೆ: “ಹಾಕಿದ್ದು ನಾನು. ಹುಡುಗನ ಹೆಸರು ಹೇಳ್ಬೇಡಿ, ನನ್ನ ಹೆಸರು ಹೇಳಿ. ಚಾ ನನ್ನ ಲೆಕ್ಕಕ್ಕೆ.”