ಸೀರೆ ತೆಗೆಯುವ ಮುಂಚೆ: ಬಿಡದಿಯ ಅಕ್ಕನಿಗೆ

ಅಕ್ಕಾ,

ಮಗಳ ಮದುವೆಗೆ ರೇಷ್ಮೆ ಸೀರೆ ತೆಗೆಯಲು ಹೊರಟವರು, ‘ಇದರ ನೂಲು ಮಕ್ಕಳ ಕೈಯಲ್ಲಿ ಬಂದದ್ದಲ್ಲ ಅಂತ ತಿಳಿಯೋದು ಹೇಗೆ?’ ಎಂದು ಕೇಳಿದ್ದೀರಿ. ಅಂಗಡಿಯವರನ್ನು ಕೇಳಿ ಪ್ರಯೋಜನವಿಲ್ಲ. ನಿಮ್ಮ ಪಕ್ಕದ ರಾಮನಗರದ ಮಾರುಕಟ್ಟೆಯಲ್ಲಿ ಹರಾಜಾದ ಗೂಡು ರೀಲರ್ ಮನೆ ಸೇರಿ, ನೂಲಾಗಿ, ಹುರಿಯಾಗಿ, ಬಣ್ಣ ಕುಡಿದು, ಮಗ್ಗ ಏರುವಷ್ಟರಲ್ಲಿ ಎಷ್ಟು ಕೈ ದಾಟಿತೆಂಬ ಲೆಕ್ಕ ಅವರ ಹತ್ತಿರವೂ ಇರುವುದಿಲ್ಲ.

ರೇಷ್ಮೆ ಹುಳ ಜ್ವರಕ್ಕೆ ಬಿದ್ದು (ಪೊರೆ ಕಳಚುವ ಹೊತ್ತು), ಎದ್ದು, ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ಸೇರುವವರೆಗಿನ ಸಂಗತಿ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಅಪಾಯ ಇರುವುದು ಆಮೇಲೆ. ಗೂಡನ್ನು ಕುದಿನೀರಿಗೆ ಹಾಕಿ, ಮೆತ್ತಗಾಯಿತೇ ಎಂದು ಬೆರಳಲ್ಲೇ ನೋಡಿ, ಎಳೆಯ ತುದಿ ಹಿಡಿಯಬೇಕು. ಅಂಗೈ ಬೊಬ್ಬೆ ಏಳುತ್ತದೆ, ಬೆರಳ ಸಂದಿ ಹುಣ್ಣಾಗುತ್ತದೆ. ಹಬೆ, ಹೊಗೆ, ಸತ್ತ ಹುಳದ ನಾತ ಎಲ್ಲ ಎದೆಗಿಳಿಯುತ್ತದೆ. ಹುರಿ ಮಾಡುವ ಕಡೆ ಕುದಿನೀರಿಲ್ಲ, ಗದ್ದಲವಿದೆ. ಗಾಳಿಯಾಡದ ಕೋಣೆಯಲ್ಲಿ ದಿನವಿಡೀ ನಿಂತು, ತುಂಡಾದ ಎಳೆಗೆ ಗಂಟು ಹಾಕುವ ಕೆಲಸ. ನಾಜೂಕಿನ ಕೆಲಸಕ್ಕೆ ಸಣ್ಣ ಬೆರಳೇ ಬೇಕು ಅನ್ನುವವರಿದ್ದಾರಲ್ಲ, ನಂಬಬೇಡಿ. ಚರಕದ ಮುಂದೆ ಕೂತ ದೊಡ್ಡ ಹೆಂಗಸರೂ ಅದೇ ನೂಲು ತೆಗೆಯುತ್ತಾರೆ. ಬೇಕಾದದ್ದು ಸಣ್ಣ ಕೂಲಿ.

ಆ ಕೂಲಿಗೂ ಮೊದಲು ಬರುವುದು ಅಡ್ವಾನ್ಸು. ಅಮೆರಿಕದ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆ 2003ರ ಜನವರಿಯಲ್ಲಿ ರೇಷ್ಮೆ ಉದ್ಯಮದ ಜೀತದ ಮಕ್ಕಳ ಬಗ್ಗೆ ‘ಸ್ಮಾಲ್ ಚೇಂಜ್’ ಎಂಬ ವರದಿ ತಂದಿತು. ರಾಮನಗರ, ಮಾಗಡಿಯ ಮಕ್ಕಳ ಮಾತೂ ಅದರಲ್ಲಿದೆ. ಕಾಯಿಲೆಗೋ ಮದುವೆಗೋ ಅಪ್ಪ ಅಮ್ಮ ಮಾಲೀಕನಿಂದ ಕೆಲವು ಸಾವಿರ ಕೈಸಾಲ ತರುತ್ತಾರೆ. ಅದು ತೀರುವವರೆಗೆ ಮಗು ಹೋಗಿ ದುಡಿಯಬೇಕು. ಕೂಲಿ ಅಷ್ಟು ಕಡಿಮೆ ಇದ್ದಾಗ ಸಾಲ ತೀರುವುದೆಲ್ಲಿ? ಹಬ್ಬಕ್ಕೆ ಇನ್ನಷ್ಟು ಸೇರಿಕೊಳ್ಳುತ್ತದೆ.

ನನ್ನ ತಕರಾರು ಇಲ್ಲೇ. ಅಧಿಕಾರಿಗಳು ದಾಳಿ ಮಾಡಿ ಮಕ್ಕಳನ್ನು ಬಿಡಿಸಿದರೆ ಪತ್ರಿಕೆಯಲ್ಲಿ ಫೋಟೊ ಬರುತ್ತದೆ. ಪ್ರಕರಣ ಬಾಲಕಾರ್ಮಿಕ ಕಾಯ್ದೆಯಡಿ ಮಾತ್ರ ದಾಖಲಾದರೆ ಸಾಲದ ಮಾತೇ ಏಳುವುದಿಲ್ಲ. ಮಗು ಮನೆಗೆ ಬರುತ್ತದೆ, ಹಿಂದೆಯೇ ಸಾಲ ಕೊಟ್ಟವನೂ ಬರುತ್ತಾನೆ. ಆ ಸಾಲವನ್ನೇ ರದ್ದು ಮಾಡುವ ಕಾನೂನು 1976ರ ಜೀತಪದ್ಧತಿ ರದ್ದತಿ ಕಾಯ್ದೆ. ಅದರಡಿ ಬಿಡುಗಡೆ ಪ್ರಮಾಣಪತ್ರ ಸಿಕ್ಕರೆ ಕುಟುಂಬ ಒಂದು ಪೈಸೆಯನ್ನೂ ತೀರಿಸಬೇಕಿಲ್ಲ. 2016ರ ಪುನರ್ವಸತಿ ಯೋಜನೆಯಲ್ಲಿ ಇಂಥ ಮಕ್ಕಳಿಗೆ 2 ಲಕ್ಷ ರೂಪಾಯಿ ಇದೆ. ಆದರೆ ಪೂರ್ತಿ ಹಣ ಕೈಗೆ ಬರಲು ಮಾಲೀಕನಿಗೆ ಶಿಕ್ಷೆ ಆಗಬೇಕಂತೆ! ನಮ್ಮ ಕೋರ್ಟುಗಳ ವೇಗ ನಿಮಗೆ ಗೊತ್ತೇ ಇದೆ.

ಸುಪ್ರೀಂ ಕೋರ್ಟ್ 1996ರ ಡಿಸೆಂಬರ್‌ನಲ್ಲೇ ಎಂ. ಸಿ. ಮೆಹ್ತಾ ಪ್ರಕರಣದಲ್ಲಿ ದಾರಿ ತೋರಿಸಿತ್ತು: ಅಪಾಯದ ಕೆಲಸಕ್ಕೆ ಮಗುವನ್ನು ಹಚ್ಚಿದ ಮಾಲೀಕ 20,000 ರೂಪಾಯಿ ಕಟ್ಟಬೇಕು, ಮಗುವಿನ ಬದಲು ಆ ಮನೆಯ ದೊಡ್ಡವರೊಬ್ಬರಿಗೆ ಕೆಲಸ ಕೊಡಿಸಲು ಸರ್ಕಾರ ನೋಡಬೇಕು. ಮನೆಯ ಒಲೆಯನ್ನೂ ನೆನೆದ ತೀರ್ಪು ಅದು. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ 14 ವರ್ಷದೊಳಗಿನವರನ್ನು ಎಲ್ಲ ಕೆಲಸದಿಂದಲೂ ಹೊರಗಿಟ್ಟಿತು, 18ರೊಳಗಿನವರನ್ನು ಅಪಾಯದ ಕೆಲಸದಿಂದ. ಜೊತೆಗೆ, ಅಪಾಯವಿಲ್ಲದ ಮನೆಕಸುಬಿನಲ್ಲಿ ಶಾಲೆಯ ಹೊತ್ತು ಮುಗಿದ ಮೇಲೆ ಮಕ್ಕಳು ನೆರವಾಗಬಹುದು ಎಂಬ ವಿನಾಯಿತಿ. ಮನೆಯ ಹಿತ್ತಲಲ್ಲೇ ಚರಕ ತಿರುಗುವ ಕಡೆ ಈ ಗೆರೆಯನ್ನು ಕಾಯುವವರು ಯಾರು?

ಸೀರೆ ತೆಗೆಯಿರಿ ಅಕ್ಕಾ. ರೇಷ್ಮೆ ಬಿಟ್ಟರೆ ಮೊದಲು ಕೂಲಿ ತಪ್ಪುವುದು ಆ ಮಕ್ಕಳ ಅಮ್ಮಂದಿರಿಗೇ. ಮಗು ದುಡಿಯುವುದು ಕಣ್ಣಿಗೆ ಬಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಅಧಿಕಾರಿ ಬಂದಾಗ ‘ಅಡ್ವಾನ್ಸ್ ಕೊಟ್ಟಿದ್ದಾರಾ, ವಿಚಾರಿಸಿ’ ಅಂತ ಒಂದು ಮಾತು ಸೇರಿಸಿ. ನಿಮ್ಮ ಸ್ತ್ರೀಶಕ್ತಿ ಸಂಘದ ಉಳಿತಾಯದಲ್ಲಿ ತುರ್ತು ಕೈಸಾಲಕ್ಕೆಂದು ಸ್ವಲ್ಪ ಎತ್ತಿಡಲು ಆದೀತೇ? ಆಸ್ಪತ್ರೆ ಖರ್ಚಿಗೆ ಸಂಘದಲ್ಲೇ ಐದು ಸಾವಿರ ಹುಟ್ಟಿದರೆ ಮಾಲೀಕನ ಮನೆ ಬಾಗಿಲಿಗೆ ಯಾರೂ ಹೋಗುವುದಿಲ್ಲ. ಮುಂದಿನ ಸಭೆಯಲ್ಲಿ ಕೇಳಿ ನೋಡಿ, ಏನಂದರೆಂದು ಬರೆಯಿರಿ. ಮದುವೆ ಕಾಗದ ಮಾತ್ರ ಬೇಗ ಕಳಿಸಿ, ರಜೆ ಹಾಕಬೇಕು.

ಇಂತಿ,
ನಿಮ್ಮ ತಮ್ಮ