ಗೇರಿನ ಕರಕರ, ಸತ್ತೂರಿನ ಏರು

ಹುಬ್ಬಳ್ಳಿಯ ಗೋಕುಲ ರಸ್ತೆಗೆ ಬೆಳಗಾಗುವುದು ಕಬ್ಬಿಣದ ಸದ್ದಿನಿಂದ. ವಾಯವ್ಯ ಕರ್ನಾಟಕ ಸಾರಿಗೆ ಸಂಸ್ಥೆಯ ಕೇಂದ್ರ ಕಚೇರಿ, ಕೈಗಾರಿಕಾ ವಸಾಹತು, ಅದರಾಚೆ ವಿಮಾನ ನಿಲ್ದಾಣ. ಇವುಗಳ ನಡುವಿನ ಸಂದುಗೊಂದುಗಳಲ್ಲಿ ವೆಲ್ಡಿಂಗಿನವರು, ಲೇತಿನವರು, ಗ್ಯಾರೇಜಿನವರು. 1880ರ ದಶಕದಲ್ಲೇ ರೈಲ್ವೆ ವರ್ಕ್‌ಶಾಪು ಕಂಡ ಊರಿದು. ಯಂತ್ರದ ಕೆಲಸ ಇಲ್ಲಿ ಎಷ್ಟೋ ಮನೆಗಳಲ್ಲಿ ಅಜ್ಜನಿಂದ ಬಂದದ್ದು.

ಅಂಥ ಒಂದು ಗ್ಯಾರೇಜಿನ ಮುಂದೆ ಕಲಘಟಗಿ ಕಡೆಯ ಹಳೆಯ ಡೀಸೆಲ್ ಪಿಕಪ್ ಬಂದು ನಿಂತಿತು. ಅಮರಗೋಳದ ಎಪಿಎಂಸಿಗೆ ಉಳ್ಳಾಗಡ್ಡಿ, ಕಾಯಿಪಲ್ಲೆ ಹೊರುವ ಗಾಡಿ. ಮಾಲೀಕನೇ ಚಾಲಕ. ಪಕ್ಕದಲ್ಲಿ ಧಾರವಾಡದ ಹಾಸ್ಟೆಲಿಗೆ ಹೊರಟ ಮಗ, ಪಿಯುಸಿ ವಿಜ್ಞಾನದ ವಿದ್ಯಾರ್ಥಿ.

“ಕಾಕಾ, ಗೇರ ಬೀಳವಲ್ದು. ಹಾಕಾಕ ಹೋದ್ರ ಕರಕರ ಅಂತೈತಿ. ಒಬ್ರು ನೋಡಿ, ಬಾಕ್ಸ್ ಇಳಸಬೇಕು ಅಂದಾರ.”

ಗೇರ್ ಬಾಕ್ಸ್ ಇಳಿಸುವುದೆಂದರೆ ಎರಡು ಮೂರು ದಿನ ಗಾಡಿ ನಿಂತಂತೆ. ಗಾಡಿ ನಿಂತರೆ ಬಾಡಿಗೆಯಿಲ್ಲ. ಮಗನ ಫೀ ಹೊರಡಬೇಕಾದದ್ದು ಅದೇ ಬಾಡಿಗೆಯಿಂದ. ವಯಸ್ಸಾದ ಮಿಸ್ತ್ರಿ ಪಾನಾ ಮುಟ್ಟಲಿಲ್ಲ. ಹಿಂದೆ ಧಾರವಾಡದ ಅಂಗಡಿಗೆ ಇಳಿಸಬೇಕಾದ ಆಲೂಗಡ್ಡೆ ಚೀಲಗಳನ್ನು ನೋಡಿ, “ಭಾರ ಐತಿ, ಛಲೋ ಆತು. ಧಾರವಾಡತನ ಹೋಗಿ ಬರೂಣು ನಡಿ ತಮ್ಮಾ” ಎಂದು ಹತ್ತಿ ಕುಳಿತರು.

ಹೊರಡುವ ಮೊದಲು ಒಂದು ಪರೀಕ್ಷೆ. ಎಂಜಿನ್ ಚಾಲೂ, ಗಾಡಿ ನ್ಯೂಟ್ರಲ್. ಕ್ಲಚ್ ತುಳಿದಾಗ ಮಾತ್ರ ಗುಂಯ್ ಎಂದರೆ ರಿಲೀಸ್ ಬೇರಿಂಗಿನ ಮೇಲೆ ಅನುಮಾನ. ಕಾಲು ತೆಗೆದಾಗ ಸದ್ದಿದ್ದು ತುಳಿದಾಗ ನಿಂತರೆ ಗೇರ್ ಬಾಕ್ಸಿನ ಮುಂದಿನ ಶಾಫ್ಟಿನ ಬೇರಿಂಗಿನ ಮೇಲೆ. ಏಕೆಂದರೆ ಕ್ಲಚ್ ತುಳಿದರೆ ಆ ಶಾಫ್ಟು ಎಂಜಿನ್ನಿನಿಂದ ಬಿಡಿಸಿಕೊಂಡು ನಿಲ್ಲಬೇಕು. ಈ ಗಾಡಿಯಲ್ಲಿ ಎರಡೂ ಸದ್ದಿಲ್ಲ. ಇನ್ನು ರಿವರ್ಸ್. ಹಳೆಯ ಗಾಡಿಗಳಲ್ಲಿ ಸಾಮಾನ್ಯವಾಗಿ ಹಿಂಬದಿಯ ಗೇರಿಗೆ ವೇಗ ಹೊಂದಿಸಿಕೊಡುವ ಸಿಂಕ್ರೋ ಉಂಗುರ ಇರುವುದಿಲ್ಲ. ಹೀಗಾಗಿ ಕ್ಲಚ್ ಪೂರಾ ತುಳಿದು ನಾಲ್ಕೈದು ಸೆಕೆಂಡು ಕಾದು ಹಾಕಬೇಕು. ಅಷ್ಟರಲ್ಲಿ ಒಳಗಿನ ಶಾಫ್ಟು ತಿರುಗುವುದು ನಿಂತಿರುತ್ತದೆ. ಕಾದರೂ ಕರಕರ ಎಂದರೆ ಎಂಜಿನ್ ಅದನ್ನು ಇನ್ನೂ ಎಳೆಯುತ್ತಿದೆ, ಅರ್ಥಾತ್ ಕ್ಲಚ್ ಪೂರ್ತಿ ಬಿಡುತ್ತಿಲ್ಲ. ಪಿಕಪ್ ಜೋರಾಗಿಯೇ ಕಿರುಚಿತು. ಮಿಸ್ತ್ರಿ ಏನೂ ಹೇಳಲಿಲ್ಲ.

ಹೊಸೂರು ವೃತ್ತ, ವಿದ್ಯಾನಗರ, ಉಣಕಲ್ ಕೆರೆ. ನಡುವಿನ ಪಥದಲ್ಲಿ ಚಿಗರಿ ಬಸ್ಸುಗಳು ಓಡುತ್ತವೆ, ಉಳಿದವರು ಬದಿಯಲ್ಲಿ ನಿಂತು ನಿಂತು ಸಾಗಬೇಕು. ಗೇರು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಒಂದೇ ಗೇರು ತಕರಾರು ಮಾಡಿದರೆ ದೋಷ ಆ ಗೇರಿನದು. ಎಲ್ಲವೂ ಮಾಡಿದರೆ ಎಲ್ಲಕ್ಕೂ ಸಾಮಾನ್ಯವಾದ ಯಾವುದೋ ಒಂದರದು. ಇಲ್ಲಿ ಎಲ್ಲವೂ ಬಿಗಿ, ಎರಡನೆಯದು ತುಸು ಹೆಚ್ಚು. “ಈಗ ಪೆಡಲ್ ಎರಡ ಸಲ ಪಟಪಟ ತುಳದು ಹಾಕು” ಎಂದರು ಮಿಸ್ತ್ರಿ. ಗೇರು ಬೆಣ್ಣೆಯಲ್ಲಿ ಚಾಕು ಇಳಿದಂತೆ ಬಿತ್ತು! ಚಾಲಕ ಬೆರಗಾದ. ಹೀಗೆ ಮಾಡಿ ನೋಡೆಂದು ಅವನಿಗೆ ಇಷ್ಟು ದಿನ ಯಾರೂ ಹೇಳಿರಲಿಲ್ಲ.

ನವನಗರ ಕಳೆದು ರಾಯಾಪುರ ದಾಟಿದ ಮೇಲೆ ರಸ್ತೆ ಸತ್ತೂರಿನ ಕಡೆ ಏರತೊಡಗುತ್ತದೆ. ಧಾರವಾಡ ಹುಬ್ಬಳ್ಳಿಗಿಂತ ಎತ್ತರದ ಊರು. ಬಸ್ಸಿನಲ್ಲಿ ನಿದ್ದೆ ಮಾಡುವವರಿಗೆ ಅದು ಗೊತ್ತಾಗುವುದಿಲ್ಲ, ಭಾರ ಹೊತ್ತ ಹಳೆಯ ಗಾಡಿಗೆ ಗೊತ್ತಾಗುತ್ತದೆ. ಏರಿನಲ್ಲಿ ಮೇಲಿನ ಗೇರಿನಲ್ಲಿದ್ದುಕೊಂಡು ಎಕ್ಸಲರೇಟರ್ ಒತ್ತಬೇಕು. ಎಂಜಿನ್ನಿನ ದನಿ ಏರಿ ಗಾಡಿಯ ವೇಗ ಏರದಿದ್ದರೆ ಪ್ಲೇಟು ಜಾರುತ್ತಿದೆ. ಅಂಥ ಕ್ಲಚ್ಚಿಗೆ ಸುಟ್ಟ ವಾಸನೆಯೂ ಇರುತ್ತದೆ, ಘರ್ಷಣೆಯಲ್ಲಿ ಕಳೆದ ಶಕ್ತಿ ಶಾಖವಾಗಿರುತ್ತದಲ್ಲ. ಕೆಳಗಿನ ಗೇರಿನಲ್ಲಿ ಈ ಜಾರಿಕೆ ಸುಲಭಕ್ಕೆ ತೋರದು. ಅಲ್ಲಿ ಗೇರೇ ಬಲವನ್ನು ಹೆಚ್ಚಿಸಿ ಕೊಡುವುದರಿಂದ ಪ್ಲೇಟಿನ ಮೇಲೆ ಹೊರೆ ಕಡಿಮೆ. ಪಿಕಪ್ ಗೊಣಗುತ್ತ, ಆದರೆ ಜಾರದೆ, ಏರಿತು. ಪ್ಲೇಟು ಸರಿಯಿದೆ.

ನವಲೂರಿನಲ್ಲಿ ಪೇರಲ ಹಣ್ಣಿನ ಬುಟ್ಟಿಗಳ ಹತ್ತಿರ ಗಾಡಿ ನಿಲ್ಲಿಸಿ ಮಿಸ್ತ್ರಿ ಕೆಳಗೆ ತೂರಿದರು. ಗೇರ್ ಬಾಕ್ಸಿನ ಪಕ್ಕದ ಚಿಕ್ಕ ಸಿಲಿಂಡರಿನ ರಬ್ಬರ್ ಟೊಪ್ಪಿ ಸರಿಸಿದರೆ ಬೆರಳು ಒದ್ದೆ. ಮೇಲಿನ ಡಬ್ಬಿಯಲ್ಲಿ ಆಯಿಲ್ ತಳಕ್ಕೆ ಇಳಿದಿತ್ತು.

“ಇದು ಪಾಸ್ಕಲ್‌ನ ನಿಯಮ ಅಲ್ಲೇನ್ರಿ?” ಎಂದ ಮಗ, ಪೇರಲ ಕಚ್ಚುತ್ತ. ಹೌದು, ಅದೇ. ಪೆಡಲಿನ ಒತ್ತಡ ದ್ರವದ ಮೂಲಕ ಕೆಳಗಿನ ಸಿಲಿಂಡರಿಗೆ ಹೋಗಿ ಕ್ಲಚ್ಚನ್ನು ಬಿಡಿಸುತ್ತದೆ. ದ್ರವ ಸುಲಭವಾಗಿ ಕುಗ್ಗದು, ಗಾಳಿ ಕುಗ್ಗುತ್ತದೆ. ಸೋರಿದ ಜಾಗದಲ್ಲಿ ಗಾಳಿ ಸೇರಿದರೆ ಕಾಲಿನ ಅರ್ಧ ಶ್ರಮ ಗಾಳಿಯನ್ನು ಹಿಂಡುವುದಕ್ಕೇ ಹೋಗುತ್ತದೆ. ಎರಡು ಸಲ ತುಳಿದರೆ ಕೊರತೆ ತಾತ್ಕಾಲಿಕವಾಗಿ ತುಂಬುತ್ತದೆ. ಮಿಸ್ತ್ರಿಗೆ ಪಾಸ್ಕಲ್ ಗೊತ್ತಿರಲಿಲ್ಲ, ಹುಡುಗನಿಗೆ ಸಿಲಿಂಡರ್ ಎಲ್ಲಿದೆಯೆಂದು ಗೊತ್ತಿರಲಿಲ್ಲ. ಇಬ್ಬರೂ ಸ್ವಲ್ಪ ಹೊತ್ತು ಗಾಡಿಯ ಕೆಳಗೆ ಜೊತೆಯಾಗಿ ಮಲಗಿದ್ದರು.

ಚೀಲ ಇಳಿಸಿ, ಮಗನನ್ನು ಹಾಸ್ಟೆಲಿಗೆ ಬಿಟ್ಟು ಹಿಂದಿರುಗಿದ ಮೇಲೆ ಕೆಲಸ ಒಂದೂವರೆ ತಾಸಿನದು: ರಬ್ಬರ್ ಸೀಲುಗಳ ಕಿಟ್, ಹೊಸ ಬ್ರೇಕ್ ಆಯಿಲ್, ಒಬ್ಬ ಪೆಡಲ್ ತುಳಿಯುತ್ತಿರಲು ಇನ್ನೊಬ್ಬ ನಿಪ್ಪಲ್ ಸಡಿಲಿಸಿ ಗಾಳಿ ಹೊರಹಾಕುವುದು. ಆಯಿಲ್ ಕಡಿಮೆಯಾಯಿತೆಂದು ಕೈಗೆ ಸಿಕ್ಕ ಎಂಜಿನ್ ಆಯಿಲ್ ಸುರಿಯುವವರಿದ್ದಾರೆ. ಅದು ಈ ಸೀಲುಗಳ ರಬ್ಬರನ್ನು ಉಬ್ಬಿಸಿ ಕೆಡಿಸುತ್ತದೆ.

ರಿವರ್ಸ್ ಸದ್ದಿಲ್ಲದೆ ಬಿತ್ತು. ಎರಡನೆಯ ಗೇರು ಮಾತ್ರ ಇನ್ನೂ ತಡವರಿಸಿತು. ಮಿಸ್ತ್ರಿ ಗೇರ್ ಬಾಕ್ಸಿನ ಆಯಿಲ್ ಇಳಿಸಿ ಬಿಸಿಲಿಗೆ ಹಿಡಿದರು. ಅದರಲ್ಲಿ ಹಿತ್ತಾಳೆಯ ಬಣ್ಣದ ಮಿನುಗು. ಸಿಂಕ್ರೋ ಉಂಗುರ ಮಾಡಿರುವುದು ಹಿತ್ತಾಳೆ ಬಣ್ಣದ ಲೋಹದಿಂದ. ಕ್ಲಚ್ ಬಿಡದಿದ್ದಾಗಲೂ ಜಗ್ಗಿ ಜಗ್ಗಿ ಗೇರು ಹಾಕಿದ ತಿಂಗಳುಗಳಲ್ಲಿ ಆ ಪುಟ್ಟ ಉಂಗುರ ಇಡೀ ಎಂಜಿನ್ನಿನ ಜೊತೆ ಹೋರಾಡಿ ಸವೆದಿತ್ತು. ಬಾಕ್ಸ್ ಇಳಿಸಬೇಕೆಂದವರ ಮಾತು ಪೂರಾ ಸುಳ್ಳಲ್ಲ, ಆದರೆ ಅವರು ಕಾಯಿಲೆಯ ಮೂಲ ಬಿಟ್ಟು ಪರಿಣಾಮಕ್ಕೆ ಕೈ ಹಾಕಲು ಹೊರಟಿದ್ದರು. ಸೀಲು ಹಾಗೇ ಬಿಟ್ಟು ಉಂಗುರ ಬದಲಿಸಿದ್ದರೆ ಹೊಸ ಉಂಗುರವೂ ಸವೆಯುತ್ತಿತ್ತು.

“ಈಗs ಇಳಸಬೇಕೇನ್ರಿ?”

“ಸುಗ್ಗಿ ಮುಗೀಲಿ. ಅಲ್ಲಿತನ ಡಬಲ್ ಕ್ಲಚ್ ಹೊಡಿ.”

1928ರಲ್ಲಿ ಅಮೆರಿಕದ ಕ್ಯಾಡಿಲಾಕ್ ಕಾರಿನಲ್ಲಿ ಸಿಂಕ್ರೋಮೆಶ್ ಬರುವ ಮುಂಚೆ ಚಾಲಕರೆಲ್ಲ ಮಾಡುತ್ತಿದ್ದುದು ಇದನ್ನೇ: ಕ್ಲಚ್ ತುಳಿದು ನ್ಯೂಟ್ರಲ್, ಬಿಟ್ಟು ಮತ್ತೆ ತುಳಿದು ಗೇರು, ಕೆಳಗಿನ ಗೇರಿಗೆ ಇಳಿಯುವಾಗ ನಡುವೆ ಒಂದಿಷ್ಟು ಎಕ್ಸಲರೇಟರ್. ಉಂಗುರ ಮಾಡುವ ಕೆಲಸವನ್ನು ಕಾಲು, ಕಿವಿ ಮಾಡಬೇಕು. ಚಾಲಕ ಗೋಕುಲ ರಸ್ತೆಯಲ್ಲಿ ಎರಡು ಸಲ ತಪ್ಪಿದ, ಮೂರನೆಯ ಸಲ ಗೇರು ಸುಮ್ಮನೆ ಕೂತಿತು. ಮಧ್ಯಾಹ್ನದ ಲೋಡಿಗೆ ಅಮರಗೋಳದಿಂದ ಆಗಲೇ ಎರಡು ಸಲ ಫೋನ್ ಬಂದಿತ್ತು.