ಮುನ್ನೂರು ಕಿಲೋಮೀಟರಿನ ಆಕಾಶ

ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಮಂಗಳೂರಿನ ಬಜ್ಪೆಗೆ ನೇರ ಗೆರೆ ಎಳೆದರೆ ಸುಮಾರು 305 ಕಿ.ಮೀ. ಊರಿಂದೂರಿಗೆ ಶಿರಾಡಿ ಘಾಟಿಯ ರಸ್ತೆ ಹಿಡಿದರೆ 350ರ ಆಸುಪಾಸು. ಘಾಟಿಯ ಅಷ್ಟೂ ತಿರುವುಗಳನ್ನು ಹಾರಿ ದಾಟಿದರೂ ಉಳಿಯುವುದು ಐವತ್ತೇ ಕಿಲೋಮೀಟರು! ಉಳಿತಾಯವೇನಿದ್ದರೂ ಹೊತ್ತಿನಲ್ಲಿ. ರಾತ್ರಿ ಬಸ್ಸು ಏಳೆಂಟು ಗಂಟೆ ತೆಗೆದುಕೊಳ್ಳುವಲ್ಲಿ ವಿಮಾನದ ವೇಳಾಪಟ್ಟಿ ಒಂದು ಗಂಟೆ, ಒಂದು ಗಂಟೆ ಹತ್ತು ನಿಮಿಷ ಎನ್ನುತ್ತದೆ.

ಈ ಗಂಟೆಯ ಲೆಕ್ಕದ ಮೇಲೆ ಈ ಲೇಖಕನಿಗೆ ಹಳೆಯ ಗುಮಾನಿ. ನಿಂತ ಜಾಗದಿಂದ ವಿಮಾನ ಕದಲಿದ ಕ್ಷಣದಿಂದ, ಇಳಿದ ಊರಿನಲ್ಲಿ ಪೂರ್ತಿ ನಿಲ್ಲುವವರೆಗಿನ ಹೊತ್ತು ಅದು. ಆಕಾಶದಲ್ಲಿರುವುದು ಮುಕ್ಕಾಲು ಗಂಟೆಯಷ್ಟೇ. ಮಿಕ್ಕದ್ದೆಲ್ಲ ಚಕ್ರದ ಮೇಲಿನ ಪಯಣ. ಅದರ ಮೇಲೆ, ತಡವಾಯಿತೆಂಬ ಮಾತು ಬಾರದಿರಲೆಂದು ಕಂಪನಿಗಳು ಸೇರಿಸಿಡುವ ಒಂದಿಷ್ಟು ನಿಮಿಷ.

ಬಜ್ಪೆಗೆ ವಿಮಾನ ಬಂದಿಳಿದದ್ದು 1951ರ ಡಿಸೆಂಬರ್ 25ರಂದು. ನಿಲ್ದಾಣದ ಉದ್ಘಾಟನೆಯ ಆ ದಿನ ಡಕೋಟಾದಲ್ಲಿ ಬಂದವರು ಜವಾಹರಲಾಲ್ ನೆಹರೂ. ಡಕೋಟಾದ ವೇಗ ಗಂಟೆಗೆ ಮುನ್ನೂರು ಚಿಲ್ಲರೆ ಕಿ.ಮೀ. ಬೆಂಗಳೂರಿನಿಂದ ಹೊರಟರೆ ಅದಕ್ಕೂ ಹೆಚ್ಚುಕಡಿಮೆ ಒಂದೇ ಗಂಟೆಯ ಹಾದಿ. ಎಪ್ಪತ್ತು ವರ್ಷ ದಾಟಿತು, ಜೆಟ್ ಬಂತು, ವೇಳಾಪಟ್ಟಿಯ ಗಂಟೆ ಮಾತ್ರ ಅಲ್ಲೇ ಇದೆ.

ಇದಕ್ಕೆ ಕಾರಣ ದೂರ ತೀರಾ ಕಡಿಮೆ ಇರುವುದು. ಪಂಖದ ಎಟಿಆರ್ ವಿಮಾನ ಗಂಟೆಗೆ ಸುಮಾರು 500 ಕಿ.ಮೀ. ಓಡಿದರೆ, ಏರ್‌ಬಸ್ 800ಕ್ಕೂ ಮಿಗಿಲಾಗಿ ಓಡಬಲ್ಲದು. ಆದರೆ 305 ಕಿ.ಮೀ.ಗೆ ಇವೆರಡರ ನಡುವಿನ ವ್ಯತ್ಯಾಸ ಕಾಗದದ ಮೇಲೇ ಕಾಲು ಗಂಟೆ ದಾಟದು. ಜೆಟ್ಟು ಎತ್ತರಕ್ಕೇರಿ ಮೈಚಾಚುವಷ್ಟರಲ್ಲಿ ಇಳಿಯುವ ಹೊತ್ತು ಬಂದಿರುತ್ತದೆ. ಗಗನಸಖಿ ನೀರಿನ ಲೋಟ ಕೊಟ್ಟ ಕೈಯಲ್ಲೇ ಖಾಲಿ ಲೋಟ ವಾಪಸು ಕೇಳುತ್ತಾಳೆ.

ಈ ಗಳಿಕೆಯನ್ನೂ 2008ರ ಮೇ ತಿಂಗಳು ನುಂಗಿತು. ಅಲ್ಲಿಯವರೆಗೆ ಎಚ್‌ಎಎಲ್ ನಿಲ್ದಾಣ ಊರೊಳಗೇ ಇತ್ತು; ಇಂದಿರಾನಗರದವರಿಗಂತೂ ಆಟೋ ದೂರ. ನಿಲ್ದಾಣ ದೇವನಹಳ್ಳಿಗೆ ಹೋಯಿತು, ಮೆಜೆಸ್ಟಿಕ್‌ನಿಂದ ಸುಮಾರು 35 ಕಿ.ಮೀ. ಹೆಬ್ಬಾಳದ ಮೇಲ್ಸೇತುವೆಯಲ್ಲಿ ಸಿಕ್ಕಿಬಿದ್ದವನಿಗೆ ಏರ್‌ಬಸ್ಸಿನ ವೇಗದಿಂದ ಏನಾಗಬೇಕು? ಬಸವನಗುಡಿಯ ಮನೆಯಿಂದ ಕದ್ರಿಯ ದೊಡ್ಡಮ್ಮನ ಮನೆಗೆ ಈ ಲೇಖಕ ಐದು ಗಂಟೆಗಿಂತ ಬೇಗ ತಲುಪಿದ್ದು ಕಡಿಮೆ.

ಮಳೆಗಾಲದ ಲೆಕ್ಕ ಬೇರೆಯೇ. ಗುಡ್ಡದ ನೆತ್ತಿಯ ಮೇಲಿನ ಬಜ್ಪೆಯ ರನ್‌ವೇಯನ್ನು ಮೋಡ ಮುಚ್ಚಿದರೆ ವಿಮಾನ ಸುತ್ತು ಹಾಕಿ ಕಾಯುತ್ತದೆ, ತೆರವಾಗದಿದ್ದರೆ ಬೇರೆ ಊರಿಗೆ ಹೋಗುತ್ತದೆ. ಒಂದು ಆಷಾಢದಲ್ಲಿ ಈ ಲೇಖಕನಿದ್ದ ವಿಮಾನ ಕಡಲ ಮೇಲೆ ತಿರುಗಿ ತಿರುಗಿ ಕೊನೆಗೆ ಬೆಂಗಳೂರಿಗೇ ಮರಳಿತು. ಕ್ರಮಿಸಿದ ದೂರ ಆರುನೂರು ಕಿ.ಮೀ.ಗೂ ಹೆಚ್ಚು, ತಲುಪಿದ್ದು ಹೊರಟಲ್ಲಿಗೇ. ಅಂದು ರಾತ್ರಿ ಮೆಜೆಸ್ಟಿಕ್‌ನಲ್ಲಿ ಬಸ್ಸು ಹತ್ತಿ ಫೋನು ಮಾಡಿದರೆ ದೊಡ್ಡಮ್ಮ ಕೇಳಿದ್ದು ಒಂದೇ ಮಾತು: "ಟಿಕೆಟಿನ ದುಡ್ಡು ವಾಪಸು ಕೊಟ್ಟರಾ ಮಾರಾಯ, ಇಲ್ವಾ?"